80 ಕೆಜಿಯಿಂದ ಹೆವಿವೇಟ್‌ಗೆ ಹೋಗಬೇಕು, ಮೈತೂಕ ಹೇಗೆ ಏರಿಸಲಿ?

ಕುಂದವಾಡ ಓಟ:
ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯವನು, ವಯಸ್ಸು 22, ಎತ್ತರ ಆರಡಿ ಒಂದಿಂಚು. ಬಾಕ್ಸಿಂಗ್‌ನಲ್ಲಿ 80 ಕೆಜಿ ವಿಭಾಗಕ್ಕೆ ಆಡ್ತೀನಿ, ಆದ್ರೆ ಸುಮ್ನಿದ್ರೆ ತೂಕ 86 ತೋರಿಸುತ್ತೆ. ಪ್ರತಿ ಟೂರ್ನಮೆಂಟ್‌ಗೂ ಮುಂಚೆ ಮೂರು ದಿನ ಊಟ ಬಿಟ್ಟು, ಸ್ವೆಟರ್ ಮೇಲೆ ರೇನ್‌ಕೋಟ್ ಹಾಕ್ಕೊಂಡು ಕುಂದವಾಡ ಕೆರೆ ಏರಿ ಮೇಲೆ ಓಡಿ ಇಳಿಸ್ತೀನಿ. ಹೋದ ಸಲ ತೂಕಕ್ಕೆ ನಿಂತಾಗ ಕಣ್ಣು ಕತ್ತಲೆ ಬಂತು. ಮೊದಲನೇ ರೌಂಡ್‌ನಲ್ಲೇ ಕಾಲು ಸೋತ್ವು. ಇನ್ನು ಇದು ಬೇಡ, 90ರ ಹೆವಿವೇಟ್‌ಗೇ ಹೋಗೋಣ ಅಂತ ತೀರ್ಮಾನ ಮಾಡಿದೀನಿ. ಆಯ್ಕೆ ಪಂದ್ಯಕ್ಕೆ ಇನ್ನು ಎರಡೂವರೆ ತಿಂಗಳು. ಮನೆಯಲ್ಲಿ ಮೊಟ್ಟೆ ಕೂಡ ತರೋ ಹಾಗಿಲ್ಲ. ರೊಟ್ಟಿ, ಕಾಳು, ಹಾಲು, ಮೊಸರು ಅಷ್ಟೇ. ಅಷ್ಟರಲ್ಲಿ 90 ಮುಟ್ಟೋದು ಹೇಗೆ?

ಪಿಜೆ ಬಡಾವಣೆ ಜಿಮ್:
ತಿಂಗಳಿಗೆ 3 ಕೆಜಿ ಆರಾಮಾಗಿ ಏರುತ್ತೆ ಬ್ರದರ್. ದಿನಕ್ಕೆ ಎರಡು ಸಲ ಗೇನರ್ ಪುಡಿ, ಬೆಳಿಗ್ಗೆ ಆರು ಬಾಳೆಹಣ್ಣು, ಹಾಲು. ಸ್ಕ್ವಾಟ್, ಡೆಡ್‌ಲಿಫ್ಟ್ ಜೋರಾಗಿ ಮಾಡು. ಓಟ ನಿಲ್ಸು, ಓಡಿದ್ರೆ ಮೈ ಹತ್ತಲ್ಲ.

ಮಂಡಿಪೇಟೆ ಹಳೇ ಬಾಕ್ಸರ್:
ತಮ್ಮಾ, ಓಟ ಮಾತ್ರ ನಿಲ್ಲಿಸಬೇಡ. ಆ ಮಾತು ಕೇಳಿ ನಾನು ಒಂದು ಸಲ ಕೆಟ್ಟಿದೀನಿ, ಅದಕ್ಕೇ ಉದ್ದ ಬರೀತಿದೀನಿ.

ನಮ್ಮ ಕಾಲಕ್ಕೆ 81 ಆದ್ಮೇಲೆ ಸೀದಾ 91, ನಡುವೆ ಏನೂ ಇರ್ಲಿಲ್ಲ. ನಾನು ಓಟ ಬಿಟ್ಟು ಮೂರೇ ತಿಂಗಳಲ್ಲಿ 81ರಿಂದ 90 ಮಾಡ್ಕೊಂಡೆ. ಬೆಳಿಗ್ಗೆ ನಾಲ್ಕು ಬೆಣ್ಣೆ ದೋಸೆ, ರಾತ್ರಿ ಒಂದು ಲೀಟರ್ ಹಾಲು. ಅಂಗಿ ಹೆಗಲಲ್ಲಿ ಬಿಗಿಯಾದಾಗ ಎಷ್ಟು ಖುಷಿ! ಮೊದಲ ಪಂದ್ಯದ ಎರಡನೇ ರೌಂಡ್‌ನಲ್ಲಿ ಎದುರಾಳಿ ಕ್ಲಿಂಚ್‌ಗೆ ಬಂದ, ಅಂದ್ರೆ ಮೈಗೆ ಮೈ ಅಂಟಿಸಿ ತಬ್ಬಿ ಹಿಡ್ಕೊಂಡ. ಹೊಡೀಲಿಲ್ಲ. ಬಲ ಮುಂಗೈ ನನ್ನ ಕತ್ತಿನ ಹಿಂದೆ ಹಾಕಿ, ಗದ್ದ ನನ್ನ ಹೆಗಲ ಮೇಲೆ ಊರಿ, ಮೈಭಾರ ಪೂರಾ ನನ್ನ ಮೇಲೆ ಬಿಟ್ಟ. ರೆಫ್ರಿ ಬಿಡಿಸೋಕೆ ಮೂರ್ನಾಲ್ಕು ಸೆಕೆಂಡ್. ಹಂಗೇ ಐದಾರು ಸಲ. ಮೂರನೇ ರೌಂಡ್‌ಗೆ ತೊಡೆ ನಡುಗ್ತಿತ್ತು, ಎಡಗೈ ಗದ್ದದ ಮಟ್ಟಕ್ಕೆ ಏಳಲೇ ಇಲ್ಲ. ಏರಿಸಿದ 9 ಕೆಜಿ ಹೊಟ್ಟೆ ಸೊಂಟಕ್ಕೆ ಹೋಗಿತ್ತು, ಕತ್ತು ತೊಡೆ ಹಳೇ 81ರವೇ. ಮಂಡಿಯಲ್ಲಿ ಹಮಾಲರು ಮೆಕ್ಕೆಜೋಳದ ಚೀಲ ಹೊರ್ತಾರಲ್ಲ, ಹಂಗೆ ನನ್ನ ತೂಕಾನ ನಾನೇ ಹೊತ್ಕೊಂಡು ಆಡಿದೆ.

ಉಕ್ರೇನಿನ ಬಾಕ್ಸರ್ ಒಲೆಕ್ಸಾಂಡರ್ ಉಸಿಕ್ ಲೆಕ್ಕ ನೋಡು. ವೃತ್ತಿಪರರಲ್ಲಿ ಹೆವಿವೇಟ್‌ಗಿಂತ ಕೆಳಗಿನ ಕ್ರೂಸರ್‌ವೇಟ್ ವಿಭಾಗದ ಮಿತಿ 200 ಪೌಂಡ್, ಅಂದ್ರೆ 90.7 ಕೆಜಿ. 2018ರಲ್ಲಿ ಅಲ್ಲಿನ ನಾಲ್ಕೂ ಬೆಲ್ಟ್ ಅವನವೇ. 2019ರ ಅಕ್ಟೋಬರ್‌ನಲ್ಲಿ ಹೆವಿವೇಟ್‌ನ ಮೊದಲ ಪಂದ್ಯಕ್ಕೆ ಬಂದಾಗ 97.5 ಇದ್ದ. 2021ರಲ್ಲಿ ಆಂಟನಿ ಜೋಶುವಾನ ಸೋಲಿಸಿದಾಗ 100ರ ಆಸುಪಾಸು, ಜೋಶುವಾ 109. 2024ರ ಮೇ ತಿಂಗಳಲ್ಲಿ ಟೈಸನ್ ಫ್ಯೂರಿ ಎದುರು 101, ಫ್ಯೂರಿ 119ರ ಹತ್ರ! ನಾಲ್ಕೂವರೆ ವರ್ಷದಲ್ಲಿ ಏರಿದ್ದು ನಾಲ್ಕು ಕೆಜಿ. ಎದುರಾಳಿಯ ತೂಕಕ್ಕೆ ಸಮ ಮಾಡೋಕೆ ಅವನು ಹೋಗಲೇ ಇಲ್ಲ. ಹನ್ನೆರಡು ರೌಂಡ್ ಕಾಲು ಆಡೋವಷ್ಟೇ ತೂಕ ಇಟ್ಕೊಂಡ.

ಒಂದು ಸಲ ಮೇಲೆ ಹೋದ್ರೆ ಮತ್ತೆ ಕೆಳಗೆ ಬರೋ ಯೋಚನೆ ಬೇಡ. ಅಮೆರಿಕದ ಬಾಕ್ಸರ್ ರಾಯ್ ಜೋನ್ಸ್ ಜೂನಿಯರ್ 2003ರ ಮಾರ್ಚ್‌ನಲ್ಲಿ 87.5 ಕೆಜಿ ಇಟ್ಕೊಂಡು 102 ಕೆಜಿ ದಾಟಿದ್ದ ಜಾನ್ ರೂಯಿಜ್‌ನ ಸೋಲಿಸಿದ. ಅದೇ ನವೆಂಬರ್‌ಗೆ ತೂಕ ಇಳಿಸಿ 79ರ ಲೈಟ್ ಹೆವಿವೇಟ್‌ಗೆ ವಾಪಸ್. ಆಂಟೋನಿಯೋ ಟಾರ್ವರ್ ಎದುರು ಹೆಂಗೋ ಗೆದ್ದ, 2004ರ ಮೇನಲ್ಲಿ ಅದೇ ಟಾರ್ವರ್ ಎರಡನೇ ರೌಂಡ್‌ನಲ್ಲಿ ಮಲಗಿಸಿದ. ಕಟ್ಟಿದ ಮಾಂಸಖಂಡ ಕರಗಿಸಿದ್ದೇ ಅವನಿಗೆ ದುಬಾರಿ ಆಯ್ತು ಅಂತ ನನ್ನ ಅನಿಸಿಕೆ.

ಈಗ ನಿನ್ನ ವಿಷಯ. 2025ರಿಂದ ವರ್ಲ್ಡ್ ಬಾಕ್ಸಿಂಗ್ ಅನ್ನೋ ಅಂತರರಾಷ್ಟ್ರೀಯ ಒಕ್ಕೂಟದ ಪಟ್ಟಿಯಲ್ಲಿ ಗಂಡಸರಿಗೆ 80 ಆದ್ಮೇಲೆ 85, 90, 90ಕ್ಕೂ ಮೇಲೆ ಅಂತ ಇದೆ. ನಮಗಿಲ್ಲದ ಮೆಟ್ಟಿಲು ನಿನಗಿದೆ, ಅದನ್ನ ಯಾಕೆ ಹಾರ್ತೀಯ? 86 ಇಟ್ಕೊಂಡು 90ಕ್ಕೆ ಹೋದ್ರೆ 93, 94ರಿಂದ ಇಳಿದು ಬಂದವರು ಸಿಕ್ತಾರೆ. ಈ ಆಯ್ಕೆಗೆ 85 ಆಡು. ಮುಂದಿನ ವರ್ಷ 90. ತಿಂಗಳಿಗೆ ಹೆಚ್ಚೆಂದ್ರೆ 1 ಕೆಜಿ, ಸೊಂಟದ ಅಳತೆ ತೂಕಕ್ಕಿಂತ ಬೇಗ ಏರಿದ್ರೆ ಊಟ ಸ್ವಲ್ಪ ಹಿಂದಕ್ಕೆ ತಗೋ. ವಾರಕ್ಕೆ ಎರಡು ದಿನ ಭಾರ ಎತ್ತು, ಎರಡು ದಿನ ಮೂರು ಮೂರು ನಿಮಿಷದ ಜೋರು ಓಟ. ಪುಡಿ ಡಬ್ಬಿ ವಿಷಯದಲ್ಲಿ ಹುಷಾರು. ಲೇಬಲ್‌ನಲ್ಲಿ ಇಲ್ಲದ್ದು ಒಳಗಿದ್ರೂ ಡೋಪ್ ಪರೀಕ್ಷೆಯಲ್ಲಿ ಸಿಕ್ಕಿಬೀಳೋದು ನೀನೇ. ಆ ರೇನ್‌ಕೋಟ್ ಇವತ್ತೇ ಯಾರಿಗಾದ್ರೂ ಕೊಡು. ನೀರು ಬತ್ತಿದ ಮೈಯಲ್ಲಿ ತಲೆಗೆ ಏಟು ತಿನ್ನೋದು ಆಟ ಅಲ್ಲಪ್ಪ, ಜೀವದ ಪ್ರಶ್ನೆ.

ಒಂದು ಕೇಳ್ತೀನಿ: ನಿನ್ನ 86 ಬೆಳಿಗ್ಗೆಯದೋ ಸಂಜೆಯದೋ?

ಹಾಸ್ಟೆಲ್ ಅಕ್ಕ:
ನಾನು ಆಹಾರಶಾಸ್ತ್ರ ಓದಿದವಳು, ಊಟದ್ದು ಹೇಳ್ತೀನಿ ತಮ್ಮಾ. ಮೈತೂಕದ ಕೆಜಿಗೆ 1.6 ಗ್ರಾಂ ಪ್ರೋಟೀನ್ ಅಂದ್ರೆ ನಿನಗೆ ದಿನಕ್ಕೆ 138 ಗ್ರಾಂ. ಸೋಯಾ ಚಂಕ್ಸ್ 50 ಗ್ರಾಂ ಪಲ್ಯಕ್ಕೆ ಹಾಕಿದ್ರೆ 26 ಬಂತು. 100 ಗ್ರಾಂ ಹೆಸರುಕಾಳು ನೆನೆಸಿ ಮೊಳಕೆ ಕಟ್ಟಿ ಉಸಲಿ ಮಾಡಿದ್ರೆ 24. ಅರ್ಧ ಲೀಟರ್ ಹಾಲಲ್ಲಿ 16, 100 ಗ್ರಾಂ ಪನೀರಲ್ಲಿ 18. ಉಳಿದದ್ದು ನಾಲ್ಕು ಜೋಳದ ರೊಟ್ಟಿ, ಬೇಳೆ, ಮೊಸರು, ಶೇಂಗಾ ಸೇರಿ ತುಂಬುತ್ತೆ. ತೂಕ ಏರಿಸೋಕೆ ದಿನಾ ತಿನ್ನೋದಕ್ಕಿಂತ ಒಂದು ರೊಟ್ಟಿ, ಒಂದು ಹಿಡಿ ಹುರಿದ ಶೇಂಗಾ ಹೆಚ್ಚು, ಸಾಕು. ಸಂಜೆ ಮಂಡಕ್ಕಿ ಮೆಣಸಿನಕಾಯಿ ತಿಂದು ಹೊಟ್ಟೆ ತುಂಬಿಸ್ಕೊಂಡ್ರೆ ರಾತ್ರಿ ಕಾಳಿಗೆ ಜಾಗ ಇರಲ್ಲ, ಅದೊಂದು ನೋಡ್ಕೋ.

ದುರ್ಗದ ಗರಡಿ:
ಕತ್ತಿನ ಬಗ್ಗೆ ಅಣ್ಣ ಹೇಳಿದ್ದು ನೂರಕ್ಕೆ ನೂರು ನಿಜ. ನಮ್ಮ ಚಿತ್ರದುರ್ಗದಲ್ಲಿ ಕುಸ್ತಿ ಹುಡುಗರು ಮಟ್ಟಿ ಮೇಲೆ ತಲೆ ಊರಿ ಕತ್ತು ಬಲಿಸ್ತಾರೆ. ನೀವು ಹೊಸಬರು, ಅದನ್ನ ಒಮ್ಮೆಲೇ ಮಾಡಬೇಡಿ. ಹಣೆಗೆ ಟವೆಲ್ ಹಾಕಿ ಜೊತೆಗಾರನ ಕೈಲಿ ಹಿಡಿಸಿ ನಾಲ್ಕೂ ಕಡೆಗೆ ನಿಧಾನಕ್ಕೆ ತಳ್ಳಿ. ಭಾನುವಾರ ಬನ್ನಿ, ಕೋಟೆ ಹತ್ತೋಣ.

ಕುಂದವಾಡ ಓಟ:
ಅಣ್ಣಾ, ನೀವು ಕೇಳಿದ ಮೇಲೆ ಹೊಳೀತು. ನಾನು ಇಷ್ಟು ದಿನ ನೋಡ್ತಿದ್ದದ್ದು ಸಂಜೆ, ಮೆಡಿಕಲ್ ಶಾಪ್ ಮುಂದಿನ ಮಷಿನ್‌ನಲ್ಲಿ, ಶೂ ಸಮೇತ. ಈ ವಾರ ಏಳೂ ದಿನ ಬೆಳಿಗ್ಗೆ ಎದ್ದು ಬಾತ್‌ರೂಮಿಗೆ ಹೋಗಿ ಬಂದು ಬರೀ ಹೊಟ್ಟೆಯಲ್ಲಿ ನೋಡಿದೆ. ಸರಾಸರಿ 84.6. ಕೋಚ್‌ಗೆ ಹೇಳಿ 85ಕ್ಕೆ ಹೆಸರು ಕೊಟ್ಟೆ. ಅಮ್ಮ ಸೋಯಾ ಪಲ್ಯ ಮಾಡೋಕೆ ಒಪ್ಪಿದಾರೆ. ದುರ್ಗದ ಅಣ್ಣಾ, ಈ ಭಾನುವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಬರ್ತೀನಿ, ಕೋಟೆ ಬಾಗಿಲ ಹತ್ರ ಕಾಯ್ತೀರಾ?