ಡೌನ್ ಸಿಂಡ್ರೋಮ್ ಇರುವ ವಯಸ್ಕರು ಸಿಪ್ಯಾಪ್ ಮಾಸ್ಕ್ ಕಿತ್ತುಹಾಕುತ್ತಿದ್ದರೆ ಏನು ಮಾಡಬೇಕು?

ಪ್ರಶ್ನೆ
ಡೌನ್ ಸಿಂಡ್ರೋಮ್ ಇರುವ 34 ವರ್ಷದವರು. ನಿದ್ರೆಯ ಪರೀಕ್ಷೆಯಲ್ಲಿ ಎಎಚ್‌ಐ (ಗಂಟೆಗೆ ಎಷ್ಟು ಬಾರಿ ಉಸಿರು ಕಟ್ಟುತ್ತದೆ ಅಥವಾ ಕುಗ್ಗುತ್ತದೆ ಎಂಬ ಲೆಕ್ಕ) 38. ಮೂರು ವಾರದಿಂದ ಸಿಪ್ಯಾಪ್ (ನಿದ್ದೆಯಲ್ಲಿ ಗಾಳಿಯ ಒತ್ತಡದಿಂದ ಉಸಿರಿನ ದಾರಿ ತೆರೆದಿಡುವ ಯಂತ್ರ), ಒತ್ತಡ ನೀರಿನ ಮಟ್ಟದ ಲೆಕ್ಕದಲ್ಲಿ 11 ಸೆಂ.ಮೀ. ಮೂಗಿನ ಮೇಲೆ ಕೂರುವ ಮಾಸ್ಕ್ ಹಾಕಿದ ಅರ್ಧ ಗಂಟೆಯೊಳಗೆ ಕಿತ್ತುಹಾಕುತ್ತಾರೆ. ಬೆಳಿಗ್ಗೆ ಕಣ್ಣು ಕೆಂಪು, ಕಣ್ಣುಗಳ ನಡುವೆ ಮೂಗಿನ ಬುಡದಲ್ಲಿ ಚರ್ಮ ಸುಲಿದಿದೆ. ಹಗಲೆಲ್ಲ ತೂಕಡಿಕೆ, ಮಾತೂ ಕಡಿಮೆಯಾಗಿದೆ. ಟಾನ್ಸಿಲ್ ಚಿಕ್ಕಂದಿನಲ್ಲೇ ತೆಗೆಸಿದ್ದಾಗಿದೆ. ಒಗ್ಗಿಸುವುದು ಹೇಗೆ? ಒಗ್ಗದೇ ಹೋದರೆ ಬೇರೇನಿದೆ?

ಉತ್ತರ 1
ಇದು ಹಟವಲ್ಲ, ಮಾಸ್ಕ್ ಸರಿಯಾಗಿ ಕೂತಿಲ್ಲ. ಕೆಂಪು ಕಣ್ಣು, ಸುಲಿದ ಚರ್ಮ ಎರಡೂ ಅದನ್ನೇ ಹೇಳುತ್ತಿವೆ. ಡೌನ್ ಸಿಂಡ್ರೋಮ್‌ನಲ್ಲಿ ಮೂಗಿನ ದಿಂಡು ತಗ್ಗಾಗಿರುತ್ತದೆ, ಮುಖದ ನಡುಭಾಗ ಚಪ್ಪಟೆ. ಸಾಮಾನ್ಯ ಮಾಸ್ಕ್‌ನ ಮೇಲಂಚು ಅಲ್ಲಿ ಆನಿಕೊಳ್ಳದೆ ಗಾಳಿ ಕಣ್ಣಿಗೆ ನುಗ್ಗುತ್ತದೆ. ಅದನ್ನು ತಡೆಯಲು ಪಟ್ಟಿ ಬಿಗಿದರೆ ಚರ್ಮ ಕೀಳುತ್ತದೆ, ಸೋರಿಕೆ ನಿಲ್ಲುವುದಿಲ್ಲ. ಮೂಗಿನ ಕೆಳಗೆ, ಹೊಳ್ಳೆಗಳಿಗೆ ಆನಿಕೊಂಡು ಕೂರುವ ಮಾಸ್ಕ್ ಕೇಳಿ, ಅದರಲ್ಲೂ ಚಿಕ್ಕ ಅಳತೆಯಿಂದ ಶುರುಮಾಡಿ. ಅಳತೆ ನೋಡುವುದು ಮಲಗಿಸಿ, ಯಂತ್ರ ಪೂರ್ತಿ ಒತ್ತಡದಲ್ಲಿ ಓಡುತ್ತಿರುವಾಗ. ಕುಳಿತಾಗ ಸರಿ ಕಂಡದ್ದು ಮಲಗಿದ ಮೇಲೆ ಜಾರುತ್ತದೆ. ಪಟ್ಟಿಯಡಿ ಒಂದು ಬೆರಳು ಸಲೀಸಾಗಿ ತೂರಬೇಕು.

ಗಾಯ ಮಾಯುವವರೆಗೆ ಆ ಜಾಗಕ್ಕೆ ಮಾಸ್ಕ್ ತಾಗಬಾರದು. ಇವರ ಚರ್ಮ ಮೊದಲೇ ಒಣ, ಹಾಗಾಗಿ ಕ್ರೀಮ್ ಬೇಕೇ ಬೇಕು. ಆದರೆ ಅದನ್ನು ಬೆಳಿಗ್ಗೆ ಹಚ್ಚಿ, ರಾತ್ರಿ ಮುಖ ತೊಳೆದು ಒರೆಸಿ. ಜಿಡ್ಡಿದ್ದರೆ ಸಿಲಿಕೋನ್ ಜಾರುತ್ತದೆ, ಬೇಗ ಹಾಳೂ ಆಗುತ್ತದೆ.

ಎರಡು ಎಚ್ಚರಿಕೆ. ತಾವಾಗಿ ತೆಗೆಯಲು ಬಾರದವರಿಗೆ ಬಾಯಿ-ಮೂಗು ಎರಡನ್ನೂ ಮುಚ್ಚುವ ಮಾಸ್ಕ್ ಅಪಾಯ, ವಾಂತಿಯಾದರೆ ಅದು ಶ್ವಾಸಕೋಶಕ್ಕೆ ಇಳಿಯಬಹುದು. ಇನ್ನೊಂದು, ಕೆಲವು ಮಾಸ್ಕ್‌ಗಳ ಕೊಂಡಿಯಲ್ಲಿ ಅಯಸ್ಕಾಂತವಿರುತ್ತದೆ. ಹೃದಯದ ತೊಂದರೆಯಿಂದ ಪೇಸ್‌ಮೇಕರ್ ಹಾಕಿಸಿಕೊಂಡವರಿಗೆ ಅಂಥದ್ದು ಬೇಡ.

ಉತ್ತರ 2
ಮಾಸ್ಕ್ ಬದಲಾದ ಮೇಲೆ ಮೊದಲಿಂದ ಶುರುಮಾಡಿ, ಅದೂ ಹಗಲಲ್ಲಿ. ಹಾಸಿಗೆಯಲ್ಲಿ, ನಿದ್ದೆಗಣ್ಣಿನಲ್ಲಿ, ಜೋರು ಗಾಳಿಯೊಂದಿಗೆ ಪರಿಚಯವಾದ ವಸ್ತುವಿನ ಮೇಲೆ ಭಯ ಕೂತುಬಿಟ್ಟಿರುತ್ತದೆ.

ಮೊದಲು ಕೊಳವೆಯಿಲ್ಲದ ಮಾಸ್ಕ್ ಅವರ ಕೈಗೇ ಕೊಡಿ. ಕನ್ನಡಿ ಮುಂದೆ ಅವರೇ ಮುಖಕ್ಕೆ ಹಿಡಿಯಲಿ. ಹತ್ತು ಎಣಿಸಿ, ತೆಗೆಸಿ, ಹೊಗಳಿ. ಕಿರಿಕಿರಿಯಾಗುವ ಮುನ್ನವೇ ನೀವು ತೆಗೆಸಬೇಕು, ಗುಟ್ಟೆಲ್ಲ ಅಲ್ಲಿದೆ. ಕಿತ್ತಾಗ ಬಿಡುಗಡೆ ಸಿಕ್ಕಿದರೆ ಕೀಳುವುದನ್ನೇ ಕಲಿಯುತ್ತಾರೆ. ಆಮೇಲೆ ಪಟ್ಟಿ ಕಟ್ಟಿ ಇಷ್ಟದ ಟಿವಿ ಕಾರ್ಯಕ್ರಮ ನೋಡುತ್ತ 5 ನಿಮಿಷ, 10, 20. ನಂತರ ಕೊಳವೆ ಜೋಡಿಸಿ 4 ಸೆಂ.ಮೀ. ಒತ್ತಡದ ಗಾಳಿ, ಕೂತೇ. ಬಳಿಕ ಮಲಗಿ, ಬಳಿಕ ಮಧ್ಯಾಹ್ನದ ನಿದ್ದೆ, ಕೊನೆಗೆ ರಾತ್ರಿ. ಒಂದು ಹಂತದಲ್ಲಿ ಸತತ ಮೂರು ದಿನ ನಿರಾಳವಾಗಿದ್ದರೆ ಮಾತ್ರ ಮುಂದಕ್ಕೆ. ಗಲಿಬಿಲಿಯಾದರೆ ಒಂದು ಹೆಜ್ಜೆ ಹಿಂದಕ್ಕೆ. ವಾರಗಳೇ ಹಿಡಿಯಬಹುದು, ಅವಸರ ಬೇಡ. ಹಂತಗಳ ಚಿತ್ರಪಟ ಗೋಡೆಗೆ ಅಂಟಿಸಿದರೆ ಮುಂದೇನು ಎಂಬುದು ಅವರಿಗೇ ಗೊತ್ತಿರುತ್ತದೆ.

ರಾತ್ರಿ ರ್‍ಯಾಂಪ್ ಹಾಕಿ, ಒತ್ತಡ ನಿಧಾನವಾಗಿ ಏರುತ್ತದೆ. 4ರಲ್ಲಿ ಕೆಲವರಿಗೆ ಗಾಳಿ ಸಾಲದೆನಿಸುತ್ತದೆ, ಆಗ 5 ಅಥವಾ 6ರಿಂದ ಆರಂಭಿಸಬಹುದೇ ಎಂದು ವೈದ್ಯರನ್ನು ಕೇಳಿ. ಹ್ಯುಮಿಡಿಫೈಯರ್‌ಗೆ (ಗಾಳಿಗೆ ತೇವ ಸೇರಿಸುವ ಭಾಗ) ಡಿಸ್ಟಿಲ್ಡ್ ನೀರು, ದಿನಾ ಬದಲಿಸಿ. ಮೂಗು ಕಟ್ಟಿದ್ದರೆ ಮೊದಲು ಅದಕ್ಕೆ ಮದ್ದು. ಕಟ್ಟಿದ ಮೂಗಿಗೆ ಗಾಳಿ ತಳ್ಳಿದರೆ ಯಾರೂ ತಡೆದುಕೊಳ್ಳಲಾರರು.

4 ಗಂಟೆ ಹಾಕಿಕೊಂಡರೆ ಸಾಕೆಂದು ನಿಲ್ಲಿಸಬೇಡಿ. ಅದು ಬಳಕೆಯ ವರದಿಗೆ ಇಟ್ಟುಕೊಂಡ ಕನಿಷ್ಠ ಗೆರೆ, ಅಷ್ಟೇ. ಕನಸಿನ ನಿದ್ರೆ ಬೆಳಗಿನ ಜಾವಕ್ಕೇ ಹೆಚ್ಚು, ಸಾಮಾನ್ಯವಾಗಿ ಉಸಿರು ಹೆಚ್ಚು ಕಟ್ಟುವುದೂ ಆಗಲೇ.

ಉತ್ತರ 3
ಮಾತು ಕಡಿಮೆಯಾಗಿದ್ದು ನನಗೆ ಮುಖ್ಯವಾಗಿ ಕಾಣುತ್ತದೆ. ಡೌನ್ ಸಿಂಡ್ರೋಮ್ ಇರುವವರಲ್ಲಿ ಈ ವಯಸ್ಸಿಗೆ ಇಂಥ ಬದಲಾವಣೆ ಕಂಡ ಕೂಡಲೇ ಮರೆವಿನ ಕಾಯಿಲೆಯ ಹಣೆಪಟ್ಟಿ ಅಂಟಿಸುವುದುಂಟು. ಅಪ್ನಿಯಾ (ನಿದ್ದೆಯಲ್ಲಿ ಉಸಿರು ಕಟ್ಟುವುದು), ಥೈರಾಯ್ಡ್ ಕೊರತೆ, ಖಿನ್ನತೆ ಮೂರೂ ಹೀಗೇ ತೋರುತ್ತವೆ, ಮೂರಕ್ಕೂ ಚಿಕಿತ್ಸೆಯಿದೆ. ಥೈರಾಯ್ಡ್‌ನ ಟಿಎಸ್‌ಎಚ್ ರಕ್ತಪರೀಕ್ಷೆ ಈಗಲೇ ಮಾಡಿಸಿ. ಥೈರಾಯ್ಡ್ ಕೊರತೆಯಿಂದ ಅಪ್ನಿಯಾವೂ ಹೆಚ್ಚುತ್ತದೆ. ರಾತ್ರಿ ಕಿರಿಕಿರಿ ಮಾಡುತ್ತಾರೆಂದು ನಿದ್ರೆ ಮಾತ್ರೆ ಕೊಡಲು ಹೋಗಬೇಡಿ; ಬೆಂಜೊಡಯಾಜೆಪಿನ್ ಗುಂಪಿನ ಮಾತ್ರೆಗಳು ಗಂಟಲಿನ ಸ್ನಾಯುವನ್ನು ಇನ್ನೂ ಸಡಿಲಗೊಳಿಸುತ್ತವೆ.

ಟಾನ್ಸಿಲ್ ತೆಗೆದಿದ್ದರೂ ನಾಲಿಗೆಯ ಬುಡದಲ್ಲಿರುವ ಲಿಂಗ್ವಲ್ ಟಾನ್ಸಿಲ್ ಬೆಳೆದು ದಾರಿ ಅಡ್ಡಗಟ್ಟಿರಬಹುದು. ಎಲ್ಲಿ ಮುಚ್ಚಿಕೊಳ್ಳುತ್ತಿದೆಯೆಂದು ನೋಡಲು ಔಷಧದಿಂದ ಮಲಗಿಸಿ ಎಂಡೋಸ್ಕೋಪಿ ಮಾಡುತ್ತಾರೆ. ಅರಿವಳಿಕೆಗೆ ಮುನ್ನ, ಡೌನ್ ಸಿಂಡ್ರೋಮ್‌ನಲ್ಲಿ ಇರಬಹುದಾದ ಕುತ್ತಿಗೆಯ ಮೊದಲೆರಡು ಮೂಳೆಗಳ ಸಡಿಲಿಕೆಯ ವಿಷಯ ಅರಿವಳಿಕೆ ತಜ್ಞರಿಗೆ ನೆನಪಿಸಿ, ತಲೆಯನ್ನು ಅತಿಯಾಗಿ ಹಿಂದಕ್ಕೆ ಬಾಗಿಸುವಂತಿಲ್ಲ.

ಸಿಪ್ಯಾಪ್ ಪ್ರಾಮಾಣಿಕವಾಗಿ ಪ್ರಯತ್ನಿಸಿಯೂ ಆಗದಿದ್ದರೆ ನಾಲಿಗೆಯ ನರಕ್ಕೆ ಪ್ರಚೋದನೆ ಕೊಡುವ ಅಳವಡಿಕೆಯಿದೆ. ಎದೆಯ ಚರ್ಮದಡಿ ಕೂರುವ ಸಾಧನ ನಿದ್ದೆಯಲ್ಲಿ ನಾಲಿಗೆಯನ್ನು ಮುಂದಕ್ಕೆ ತರುತ್ತದೆ. ಅಮೆರಿಕದ ಔಷಧ-ಸಾಧನ ನಿಯಂತ್ರಣ ಸಂಸ್ಥೆ ಎಫ್‌ಡಿಎ ವಯಸ್ಕರಿಗೆ 2014ರಲ್ಲಿ, ಡೌನ್ ಸಿಂಡ್ರೋಮ್ ಇರುವ 13ರಿಂದ 18 ವಯಸ್ಸಿನವರಿಗೆ 2023ರಲ್ಲಿ ಒಪ್ಪಿಗೆ ಕೊಟ್ಟಿದೆ. ಎಂಡೋಸ್ಕೋಪಿಯಲ್ಲಿ ಕಿರುನಾಲಿಗೆಯ ಮಟ್ಟದಲ್ಲಿ ದಾರಿ ಸುತ್ತಲಿಂದಲೂ ಪೂರ್ತಿ ಮುಚ್ಚಿಕೊಳ್ಳುವುದು ಕಂಡರೆ ಇದು ಹೊಂದುವುದಿಲ್ಲ. ದವಡೆ ಮುಂದಕ್ಕೆಳೆಯುವ ಹಲ್ಲಿನ ಸಾಧನಕ್ಕೆ ಗಟ್ಟಿ ಹಲ್ಲುಗಳು ಬೇಕು, ಇವರಲ್ಲಿ ಎಷ್ಟೋ ಜನಕ್ಕೆ ಹಲ್ಲು ಕಡಿಮೆ, ವಸಡು ದುರ್ಬಲ.

ಪ್ರಶ್ನೆ ಕೇಳಿದವರು
ಮಾಸ್ಕ್ ಬದಲಿಸುತ್ತೇವೆ. ಒಗ್ಗಿಸುವ ಈ ವಾರಗಳಲ್ಲಿ ರಾತ್ರಿ ಏನು ಮಾಡಲಿ?

ಉತ್ತರ 2
ಮಗ್ಗುಲಾಗಿ ಮಲಗಿಸಿ, ಬೆನ್ನಿಗೆ ಉದ್ದ ದಿಂಬು ಕೊಡಿ, ತಲೆಯ ಕಡೆ ಹಾಸಿಗೆ ಎತ್ತರಿಸಿ. ಇದು ಚಿಕಿತ್ಸೆಗೆ ಬದಲಿಯಲ್ಲ. ಎಎಚ್‌ಐ 30 ದಾಟಿದರೆ ತೀವ್ರವೆಂದೇ ಲೆಕ್ಕ, ಹೃದಯದ ತೊಂದರೆಯೂ ಇದ್ದರೆ ವಾರಗಟ್ಟಲೆ ಹೀಗೆ ಬಿಡಬಹುದೇ ಎಂದು ವೈದ್ಯರನ್ನು ಇಂದೇ ಕೇಳಿ.