ಅಪ್‌ಡೇಟ್: ಪ್ಲಗ್ ಸೋಲಾರ್ ಬಿಟ್ಟೆ, ತಾರಸಿಗೇ ಹಾಕಿಸುತ್ತಿದ್ದೇನೆ

ಹನ್ನೆರಡು ದಿನದ ಹಿಂದೆ ಕೇಳಿದ್ದೆನಲ್ಲ, ಪ್ಲಗ್‌ಗೆ ಸಿಕ್ಕಿಸುವ ಪುಟ್ಟ ಸೋಲಾರ್ ಸಾಕಾ, ಇಲ್ಲ ತಾರಸಿ ಮೇಲೆ ದೊಡ್ಡದೇ ಹಾಕಿಸಬೇಕಾ ಅಂತ? ಕೊನೆಗೆ 3 ಕಿಲೋವ್ಯಾಟ್‌ಗೆ ಅರ್ಜಿ ಹಾಕಿದೆ.

ಕೆಲಸಕ್ಕೆ ಬಂದದ್ದು "ಮೊದಲು ಮೀಟರ್ ನೋಡಿ" ಅಂದವರ ಮಾತು. ನಮ್ಮದು ಹಳೇ ಮೀಟರ್. ಮಧ್ಯಾಹ್ನ ಮನೆಯಲ್ಲಿ ಯಾರೂ ಇಲ್ಲದಾಗ ಸೋಲಾರ್‌ನಿಂದ ಹೊರಗಿನ ಲೈನ್‌ಗೆ ಹರಿಯುವ ಕರೆಂಟನ್ನೂ ಇಂಥ ಎಷ್ಟೋ ಮೀಟರ್‌ಗಳು ನಮ್ಮ ಬಳಕೆ ಅಂತಲೇ ಎಣಿಸುತ್ತವಂತೆ! ಜರ್ಮನಿಯಲ್ಲಿ 800 ವ್ಯಾಟ್‌ವರೆಗಿನ ಪ್ಲಗ್ ಸೋಲಾರನ್ನು ಸುಲಭವಾಗಿ ಬಿಡುತ್ತಾರೆ, ನಿಜ. ಇಲ್ಲಿ ಬೆಸ್ಕಾಂ ಒಪ್ಪಿಗೆ, ನೆಟ್ ಮೀಟರ್ (ಒಳಗೆ ಬಂದದ್ದು, ಹೊರಗೆ ಹೋದದ್ದು ಎರಡನ್ನೂ ಬೇರೆ ಬೇರೆ ಎಣಿಸುವ ಮೀಟರ್) ಎಲ್ಲಾ ಬೇಕು. ತಾರಸಿ ಸೋಲಾರ್‌ಗಾದರೆ ಕೇಂದ್ರ ಸರ್ಕಾರದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್‌ಗೆ 78,000 ರೂಪಾಯಿ ಸಬ್ಸಿಡಿ ಇದೆ.

"ಬಾಲ್ಕನಿ ಕಂಬಿಗೆ ಕಟ್ಟಿ" ಅನ್ನುವ ಸಲಹೆ ನಡೆಯಲಿಲ್ಲ. ಒಂದು ಭಾನುವಾರ ಕುರ್ಚಿ ಹಾಕಿಕೊಂಡು ಕೂತು ನೋಡಿದೆ: ಹತ್ತೂವರೆಗೆಲ್ಲ ಪಕ್ಕದ ಮನೆಯ ನೆರಳು ಕಂಬಿ ಮೇಲೆ! ತಾರಸಿಯಲ್ಲಿ ನೀರಿನ ಟ್ಯಾಂಕ್ ನೆರಳೊಂದೇ ತೊಂದರೆ, ಪ್ಯಾನೆಲ್ ಸ್ಟ್ಯಾಂಡ್ ಎತ್ತರಿಸಿದರೆ ಸರಿಹೋಗುತ್ತದೆ. "ಹಪ್ಪಳ ಎಲ್ಲೋ ಒಣಗಿಸೋದು?" ಅಂತ ಅಮ್ಮ ಕೇಳುತ್ತಿದ್ದಾರೆ, ಅದಕ್ಕಿನ್ನೂ ಉತ್ತರ ಸಿಕ್ಕಿಲ್ಲ.

ಅಂದಹಾಗೆ, ಕರೆಂಟ್ ಹೋದರೆ ಬ್ಯಾಟರಿ ಇಲ್ಲದ ಸೋಲಾರೂ ನಿಲ್ಲುತ್ತದೆ, ಲೈನ್ ರಿಪೇರಿ ಮಾಡುವ ಲೈನ್‌ಮನ್‌ಗೆ ನಮ್ಮ ಕರೆಂಟಿಂದ ಶಾಕ್ ಹೊಡೆಯಬಾರದಲ್ವಾ. ಹಾಗಾಗಿ ಹಳೇ ಯುಪಿಎಸ್ ಮಾರುತ್ತಿಲ್ಲ.