ಅನ್‌ಕಟ್ ಜೆಮ್ಸ್: ಹೊವಾರ್ಡ್ ಕಟ್ಟಿದ ಬಾಜಿ ನಿಜಕ್ಕೂ ಏನು? (ಸಿನಿಮಾ ನೋಡದವರು ಓದಬೇಡಿ)

ಕಡೇಬೆಂಚು:
ಬಾಸ್ಕೆಟ್‌ಬಾಲ್ ಗಂಧಗಾಳಿ ಇಲ್ಲದವರಿಗೆ ಸ್ವಲ್ಪ ಬಿಡಿಸಿ ಹೇಳ್ತೀರಾ? ಸಿನಿಮಾದ ಕೊನೆಯಲ್ಲಿ ಒಡವೆ ವ್ಯಾಪಾರಿ ಹೊವಾರ್ಡ್ ಮೂರು ವಿಷಯ ಸೇರಿಸಿ ಬಾಜಿ ಕಟ್ತಾನಲ್ಲ, ಅದು ಹೇಗೆ? ಇನ್ನೊಂದು, ಮೊದಲ ಬಾಜಿ ಗೆದ್ದರೂ ದುಡ್ಡು ಯಾಕೆ ಸಿಗಲಿಲ್ಲ?

ಲೆಕ್ಕದಪುಸ್ತಕ:
ಅದಕ್ಕೆ ಪಾರ್ಲೆ ಅಂತಾರೆ. ಕ್ರಿಕೆಟ್‌ನಲ್ಲಿ ಹೇಳೋದಾದ್ರೆ ‘ಟಾಸ್ ನಮ್ಮದು, ಇಂಥ ಬ್ಯಾಟ್ಸ್‌ಮನ್ 50 ದಾಟ್ತಾನೆ, ಮ್ಯಾಚೂ ನಮ್ಮದೇ’ ಅಂತ ಮೂರಕ್ಕೂ ಒಂದೇ ಬಾಜಿ. ಒಂದು ತಪ್ಪಿದ್ರೂ ಪೂರ್ತಿ ಢಮಾರ್. ಇಲ್ಲಿ ಟಾಸ್ ಬದಲು ಆಟ ಶುರುವಾಗುವಾಗ ರೆಫರಿ ಮೇಲಕ್ಕೆ ಎಸೆಯೋ ಚೆಂಡು ಸೆಲ್ಟಿಕ್ಸ್ (ಬಾಸ್ಟನ್ ತಂಡ) ಪಾಲಾಗಬೇಕು, ಬ್ಯಾಟ್ಸ್‌ಮನ್ ಬದಲು ಆ ತಂಡದ ತಾರೆ ಕೆವಿನ್ ಗಾರ್ನೆಟ್ ಚೆನ್ನಾಗಿ ಆಡಬೇಕು, ಪಂದ್ಯಾನೂ ಸೆಲ್ಟಿಕ್ಸ್ ಗೆಲ್ಲಬೇಕು.

ಲೆಕ್ಕ ನೋಡಿ. ಅಮೆರಿಕದಲ್ಲಿ ಸಾಮಾನ್ಯ ದರ 110 ಕಟ್ಟಿದ್ರೆ 100 ಲಾಭ, ಅಂದ್ರೆ ಗೆದ್ದಾಗ ಅಸಲೂ ಸೇರಿ 1.909 ಪಟ್ಟು. ಮೂರು ಸಲ ಗುಣಿಸಿದ್ರೆ 6.96. ಪ್ರತಿಯೊಂದೂ ಅರ್ಧಕ್ಕರ್ಧ ಸಾಧ್ಯತೆ ಅಂದ್ರೆ ನ್ಯಾಯವಾಗಿ 8 ಪಟ್ಟು ಬರಬೇಕು. ಒಂಟಿ ಬಾಜಿಯಲ್ಲಿ ಬುಕ್ಕಿಯ ಪಾಲು ಶೇ. 4.5, ಮೂರು ಪೋಣಿಸಿದ ಕೂಡಲೇ ಶೇ. 13. ದೊಡ್ಡ ಮೊತ್ತದ ಆಸೆಗೆ ಅಷ್ಟು ಬಡ್ಡಿ ಕೊಟ್ಟ ಹಾಗೆ!

ಇನ್ನೊಂದು ಸಿಕ್ಕು: ಗಾರ್ನೆಟ್ ಚೆನ್ನಾಗಿ ಆಡಿದ್ರೆ ಸೆಲ್ಟಿಕ್ಸ್ ಗೆಲ್ಲೋ ಸಾಧ್ಯತೆ ತಾನಾಗೇ ಏರುತ್ತೆ. ಹೀಗೆ ಒಂದಕ್ಕೊಂದು ಅಂಟಿಕೊಂಡ ಬಾಜಿಗಳನ್ನ ಬುಕ್ಕಿಗಳು ಸೇರಿಸೋಕೆ ಬಿಡ್ತಿರಲಿಲ್ಲ, ಬಿಟ್ಟರೂ ದರ ಇಳಿಸ್ತಾರೆ.

ರೀಲುಪೆಟ್ಟಿಗೆ:
ಎರಡನೇ ಪ್ರಶ್ನೆಗೆ. ಮೊದಲ ಬಾಜಿ ಬುಕ್ಕಿ ಹತ್ರ, ಬಾಯಿಮಾತಿನ ಮೇಲೆ. ಹೊವಾರ್ಡ್ ಸಾಲ ಉಳಿಸಿಕೊಂಡಿರೋದು ನಂಟ ಅರ್ನೋಗೆ. ನನ್ನ ದುಡ್ಡಲ್ಲಿ ಇವನ ಜೂಜೇ ಅಂತ ಅರ್ನೋ ಹೋಗಿ ಆ ಬಾಜಿ ನಿಲ್ಲಿಸಿಬಿಡ್ತಾನೆ. ಹಾಗಾಗಿ ಗೆದ್ದದ್ದು ಆಟದಲ್ಲಿ ಮಾತ್ರ, ಕೈಗೆ ಬಂದದ್ದು ಸೊನ್ನೆ. ಆ ದುಡ್ಡಾದ್ರೂ ಎಲ್ಲಿಂದ ಬಂತು? ಹೊವಾರ್ಡ್ ಹತ್ರ ಇದ್ದ ಓಪಲ್ ಅನ್ನೋ ರತ್ನದ ಕಲ್ಲನ್ನ ಗಾರ್ನೆಟ್ ಒಯ್ದಾಗ ಭದ್ರತೆ ಅಂತ ಬಿಟ್ಟುಹೋದ ಉಂಗುರಾನ ಗಿರವಿ ಇಟ್ಟು! ಅವನ ಟೋಪಿ ಇವನಿಗೆ, ಇವನ ಟೋಪಿ ಇನ್ನೊಬ್ಬನಿಗೆ.

ಕೊನೇ ಬಾಜಿಗೆ ಹೊವಾರ್ಡ್ ತನ್ನ ಪ್ರೇಯಸಿ ಜೂಲಿಯಾಳನ್ನ ಹೆಲಿಕಾಪ್ಟರ್‌ನಲ್ಲಿ ಮೊಹೆಗನ್ ಸನ್ ಕಸಿನೋಗೆ ಕಳಿಸೋದು ಇದಕ್ಕೇ. ಅಲ್ಲಿ ಅಚ್ಚಾದ ಚೀಟಿ ಕೊಡ್ತಾರೆ, ಚೀಟಿ ಯಾರ ಕೈಲಿದೆಯೋ ದುಡ್ಡು ಅವರದ್ದು. ಅರ್ನೋ ಫೋನ್ ಮಾಡಿ ನಿಲ್ಲಿಸೋಕಾಗಲ್ಲ, ಅವನೋ ಹೊವಾರ್ಡ್ ಅಂಗಡಿಯ ಜೋಡಿ ಬಾಗಿಲ ನಡುವೆ ಸಿಕ್ಕಿಬಿದ್ದಿರ್ತಾನೆ. ಆ ಬಾಗಿಲು ಮೊದಲೇ ಒಮ್ಮೆ ಕೈಕೊಟ್ಟಿದ್ದನ್ನ ತೋರಿಸಿಟ್ಟಿದ್ದು ಒಳ್ಳೇ ಹೆಣಿಗೆ.

ಲೆಕ್ಕದಪುಸ್ತಕ:
ಆದರೆ ಅಲ್ಲೇ ಎಡವಟ್ಟು. ಕಥೆ ನಡೆಯೋದು 2012ರಲ್ಲಿ. ಆಗ ಒಂದೇ ಪಂದ್ಯದ ಮೇಲೆ ಕಾನೂನುಬದ್ಧವಾಗಿ ಬಾಜಿ ಕಟ್ಟೋಕೆ ಆಗ್ತಿದ್ದದ್ದು ನೆವಾಡಾದಲ್ಲಿ ಮಾತ್ರ. ನಿಷೇಧ ಬಿದ್ದುಹೋಗಿದ್ದು 2018ರ ಸುಪ್ರೀಂ ಕೋರ್ಟ್ ತೀರ್ಪಿಂದ, ಮೊಹೆಗನ್ ಸನ್ ಇರೋ ಕನೆಕ್ಟಿಕಟ್‌ನಲ್ಲಿ ಶುರುವಾಗಿದ್ದು 2021ಕ್ಕೆ.

ಪಂದ್ಯ ಮಾತ್ರ ಅಸಲಿ: 2012ರ ಮೇ 26, ಸರಣಿಯ ಏಳನೇ ಪಂದ್ಯ, ಸೆಲ್ಟಿಕ್ಸ್ 85, ಫಿಲಡೆಲ್ಫಿಯಾ 75. ಗಾರ್ನೆಟ್ 18 ಪಾಯಿಂಟ್, 13 ರೀಬೌಂಡ್ (ಬುಟ್ಟಿಗೆ ಬೀಳದೆ ಪುಟಿದ ಚೆಂಡನ್ನ ಹಿಡಿಯೋದು). ಫಲಿತಾಂಶ ಬದಲಿಸೋ ಹಾಗಿಲ್ಲ, ಕಥೆನೇ ಅದರ ಸುತ್ತ ಹೆಣೀಬೇಕು.

ಕಿವಿಮಾತು:
ಮತ್ತೆ ನೋಡೋದಾದ್ರೆ ಟಿವಿಯಲ್ಲಿ ಆಡಿಯೋ 5.1 ಬಿಟ್ಟು ಸ್ಟೀರಿಯೋಗೆ ಹಾಕಿ, ಇಲ್ಲಾಂದ್ರೆ ಹೆಡ್‌ಫೋನ್. ನಾಲ್ಕು ಜನ ಒಟ್ಟಿಗೆ ಮಾತಾಡೋ ಕಡೆ ಸಬ್‌ಟೈಟಲ್ ಎಲ್ಲರ ಮಾತನ್ನೂ ಹಿಡಿಯಲ್ಲ, ಮೇಲಿಂದ ಸಂಗೀತ ನಿರ್ದೇಶಕ ಲೋಪಾಟಿನ್‌ನ ಸಿಂಥ್ (ಸಿಂಥಸೈಜರ್) ಬೇರೆ. ಬಾಜಿಯ ವಿವರ ಅಂಥ ಗದ್ದಲದಲ್ಲೇ ಮುಳುಗಿಹೋಗುತ್ತೆ.

ಕಡೇಬೆಂಚು:
ಚೀಟಿ ವಿಷಯ ಹೊಳೆದೇ ಇರಲಿಲ್ಲ. ಹೆಲಿಕಾಪ್ಟರ್ ಬರೀ ಶೋಕಿ ಅಂದ್ಕೊಂಡಿದ್ದೆ.